ಒಗರಿನ ಬಣ್ಣ: ಆಸ್ಪತ್ರೆ ಬಟ್ಟೆ ಬ್ಯಾಕ್ಟೀರಿಯಾ ತಡೆಯುವಂತೆ ಮಾಡುವುದು ಹೇಗೆ

ಮೊದಲ ಕೆಲಸ ಬಣ್ಣದ್ದಲ್ಲ. ಬ್ಯಾಕ್ಟೀರಿಯಾ ತಡೆಯಲೆಂದು ನೀವು ಗಿಡದ ಬಣ್ಣ ಹಾಕಬೇಕು ಅಂದುಕೊಂಡಿರುವ ಬೆಡ್‌ಶೀಟೋ ದಿಂಬಿನ ಕವರೋ ಯಾವ ಲಾಂಡ್ರಿಗೆ ಹೋಗುತ್ತದೋ ಅಲ್ಲಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಒಗೆಯುವವರನ್ನು ಮೂರು ವಿಷಯ ಕೇಳಿ. ನೀರು ಎಷ್ಟು ಬಿಸಿ ಇರುತ್ತದೆ? ಎಷ್ಟು ಹೊತ್ತು ಒಗೆಯುತ್ತೀರಿ? ಕ್ಲೋರಿನ್ ಬ್ಲೀಚ್ ಹಾಕುತ್ತೀರಾ?

ಮೂರನೆಯದಕ್ಕೆ ಹೌದು ಅನ್ನುವ ಉತ್ತರ ಬಂದರೆ, ಆ ಬಟ್ಟೆಗೆ ಸಹಜ ಬಣ್ಣ ಹಾಕುವ ಯೋಚನೆ ಅಲ್ಲಿಗೇ ಬಿಡಿ. ಗಿಡದಿಂದ ತೆಗೆದ ಬಣ್ಣಗಳಲ್ಲಿ ಕ್ಲೋರಿನ್ ತಡೆಯುವಂಥದ್ದು ನನಗೆ ಒಂದೂ ಸಿಕ್ಕಿಲ್ಲ. ಬಣ್ಣ ಹೋದರೆ ಬ್ಯಾಕ್ಟೀರಿಯಾ ತಡೆಯುವ ಗುಣವೂ ಹೋಗುತ್ತದೆ, ಯಾಕೆಂದರೆ ಎರಡೂ ಅದೇ ಅಣುಗಳ ಕೆಲಸ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಈ ವಿಷಯದಲ್ಲಿ ಬರುವ ಬಹಳಷ್ಟು ಬರಹಗಳು ಹೊಸದಾಗಿ ಬಣ್ಣ ಹಾಕಿದ ಬಟ್ಟೆಯನ್ನು ಪರೀಕ್ಷೆ ಮಾಡಿ, ಇಷ್ಟು ಬ್ಯಾಕ್ಟೀರಿಯಾ ಸತ್ತವು ಎಂದು ಹೇಳಿ ಮುಗಿಸುತ್ತವೆ. ಆದರೆ ಆಸ್ಪತ್ರೆಯ ಬಟ್ಟೆ ಒಮ್ಮೆ ಬಳಸಿ ಬಿಸಾಡುವಂಥದ್ದಲ್ಲ. ಅದು ಹತ್ತು ಸಲ, ಐವತ್ತು ಸಲ ಬಿಸಿನೀರಿಗೆ ಬೀಳುತ್ತದೆ. ಹತ್ತನೆಯ ಒಗೆತದ ನಂತರ ಬಟ್ಟೆಯಲ್ಲಿ ಏನು ಉಳಿದಿದೆ ಅನ್ನುವುದೇ ಇಲ್ಲಿರುವ ನಿಜವಾದ ಪ್ರಶ್ನೆ. ಈ ಬರಹದಲ್ಲಿ ನಾನು ಹೇಳುವ ಪ್ರತಿ ಹಂತವೂ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಬಟ್ಟೆಯ ಮೇಲೆ ಬ್ಯಾಕ್ಟೀರಿಯಾ ಅಷ್ಟೊಂದು ದಿನ ಬದುಕುತ್ತದಾ ಎಂದು ಕೇಳಬಹುದು. ಬದುಕುತ್ತದೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿ ಬಳಸುವ ಹತ್ತಿ ಬಟ್ಟೆ, ಟವೆಲ್, ಪಾಲಿಯೆಸ್ಟರ್ ಪರದೆ ಇಂಥವುಗಳ ಮೇಲೆ ಸ್ಟ್ಯಾಫಿಲೊಕಾಕಸ್ ಮತ್ತು ಎಂಟೆರೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳನ್ನು ಹಾಕಿ ನೋಡಿದರು. ಎಲ್ಲವೂ ಕನಿಷ್ಠ ಒಂದು ದಿನ ಬದುಕಿದ್ದವು, ಕೆಲವು 90 ದಿನಕ್ಕಿಂತ ಹೆಚ್ಚು. ಅಂದರೆ ವಾರಗಟ್ಟಲೆ ಬದಲಾಯಿಸದೆ ತೂಗಾಡುವ ಹಾಸಿಗೆ ಪಕ್ಕದ ಪರದೆ, ರೋಗಿ ದಿನವಿಡೀ ಮಲಗಿರುವ ಹಾಸು, ಸಿಬ್ಬಂದಿ ಹಾಕಿಕೊಂಡು ಓಡಾಡುವ ಅಂಗಿ, ಇವೆಲ್ಲ ಸೂಕ್ಷ್ಮಾಣು ಕೂತು ಕಾಯುವ ಜಾಗಗಳೇ. ಬಟ್ಟೆ ತಾನೇ ಸ್ವಲ್ಪ ತಡೆ ಒಡ್ಡಿದರೆ ಒಳ್ಳೆಯದು ಅಲ್ವಾ? ಅಷ್ಟೇ ಆಸೆ. ಒಗೆಯುವುದನ್ನು ಬಿಡಬಹುದು, ಕಡಿಮೆ ಮಾಡಬಹುದು ಅನ್ನುವುದು ಇದರ ಅರ್ಥ ಖಂಡಿತ ಅಲ್ಲ.

ಯಾವ ಬಣ್ಣ, ಯಾಕೆ

ಅಳಲೆಕಾಯಿಯನ್ನೋ ದಾಳಿಂಬೆ ಸಿಪ್ಪೆಯನ್ನೋ ನಾಲಿಗೆ ಮೇಲೆ ಇಟ್ಟುಕೊಂಡರೆ ಬಾಯಿ ಒಣಗಿ ಜಗ್ಗಿದ ಹಾಗೆ ಆಗುತ್ತದೆ. ಆ ಒಗರಿಗೆ ಕಾರಣ ಟ್ಯಾನಿನ್. ಟ್ಯಾನಿನ್ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಅದಕ್ಕೇ ಬಾಯಿ ಒಣಗಿದಂತೆ ಅನಿಸುವುದು. ಬ್ಯಾಕ್ಟೀರಿಯಾದ ಮೇಲೂ ಅದು ಇದೇ ಕೆಲಸ ಮಾಡುತ್ತದೆ. ಅದರ ಗೋಡೆಯ ಮತ್ತು ಕಿಣ್ವಗಳ ಪ್ರೋಟೀನಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ಜೊತೆಗೆ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ಅದಕ್ಕೆ ಸಿಗದಂತೆ ಮಾಡುತ್ತದೆ.

ಹಾಗಾಗಿ ನನ್ನ ಆಯ್ಕೆ ಒಗರಿನ ಬಣ್ಣಗಳು. ಅಳಲೆಕಾಯಿ, ದಾಳಿಂಬೆ ಸಿಪ್ಪೆ, ಮಾಚಿಕಾಯಿ, ಕಾಚು. ಇವುಗಳಲ್ಲಿ ಟ್ಯಾನಿನ್ ತುಂಬಿದೆ, ಹತ್ತಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತವೆ, ಒಗೆತವನ್ನು ಬೇರೆ ಬಣ್ಣಗಳಿಗಿಂತ ಚೆನ್ನಾಗಿ ತಡೆಯುತ್ತವೆ.

ಅರಿಶಿನ? ಬಹಳ ಜನ ಮೊದಲು ಕೇಳುವುದು ಇದನ್ನೇ. ಅರಿಶಿನದ ಕರ್ಕ್ಯುಮಿನ್‌ಗೆ ಬ್ಯಾಕ್ಟೀರಿಯಾ ತಡೆಯುವ ಗುಣ ಇದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಬಟ್ಟೆಯ ಬಣ್ಣವಾಗಿ ಅದು ನಿಲ್ಲುವುದಿಲ್ಲ. ನಾನೂ ಶುರುವಿನಲ್ಲಿ ಅರಿಶಿನದಲ್ಲೇ ಒಂದಷ್ಟು ದಿಂಬಿನ ಕವರ್ ಅದ್ದಿದ್ದೆ. ಸೋಪಿನ ನೀರಿಗೆ ಹಾಕಿದ ಕೂಡಲೇ ಹಳದಿ ಹೋಗಿ ಕೆಂಪಾಯಿತು, ಯಾಕೆಂದರೆ ಕರ್ಕ್ಯುಮಿನ್ ಕ್ಷಾರ ಕಂಡರೆ ಬಣ್ಣ ಬದಲಿಸುತ್ತದೆ. ತೊಳೆದು ಬಿಸಿಲಿಗೆ ಹಾಕಿದೆ. ಕೆಲವೇ ದಿನಗಳಲ್ಲಿ ಮಡಿಕೆಯ ಒಳಭಾಗ ಹಳದಿ, ಹೊರಭಾಗ ಬಿಳಿಚಿಕೊಂಡಿತ್ತು. ಬೆಳಕು ಕರ್ಕ್ಯುಮಿನ್ ಅಣುವನ್ನೇ ಒಡೆದುಹಾಕುತ್ತದೆ. ಒಂದೇ ಸಲ ಬಳಸಿ ಎಸೆಯುವ ಬಟ್ಟೆಗೆ ಅರಿಶಿನ ಯೋಚಿಸಬಹುದು, ಮತ್ತೆ ಮತ್ತೆ ಒಗೆಯುವುದಕ್ಕೆ ಬೇಡ.

ಕೆಂಪು ಬಣ್ಣ ಕೊಡುವ ಮಂಜಿಷ್ಠದ ಬೇರು ಚೆನ್ನಾಗಿ ನಿಲ್ಲುತ್ತದೆ, ಬಣ್ಣವೂ ಚಂದ, ಆದರೆ ಒಗರಿನ ತಳ ಕೊಟ್ಟು ಅದರ ಮೇಲೆ ಹಾಕಿದರೆ ಮಾತ್ರ ನನಗೆ ತೃಪ್ತಿ. ಮದರಂಗಿ ಉಣ್ಣೆಗೆ, ರೇಷ್ಮೆಗೆ ಹೇಳಿ ಮಾಡಿಸಿದ್ದು, ಹತ್ತಿಯ ಮೇಲೆ ಸೋಲುತ್ತದೆ. ಮರದರಿಶಿನದಲ್ಲಿರುವ ಬರ್ಬೆರಿನ್ ಎಂಬ ಹಳದಿ ಬಣ್ಣದ ಬಗ್ಗೆ ಎರಡು ಮಾತು ಹೇಳಬೇಕು. ಗಿಡದ ಬಣ್ಣಗಳಲ್ಲಿ ಧನ ವಿದ್ಯುದಂಶ ಇರುವುದು ತೀರಾ ಅಪರೂಪ, ಇದು ಅಂಥದ್ದು. ಆಸ್ಪತ್ರೆಗಳಲ್ಲಿ ನೆಲ ಒರೆಸಲು ಬಳಸುವ ಕ್ವಾಟರ್ನರಿ ಅಮೋನಿಯಂ ದ್ರಾವಣಗಳಲ್ಲಿ ಯಾವ ಬಗೆಯ ಧನಾಂಶದ ಸಾರಜನಕ ಇದೆಯೋ ಆ ಬಗೆಯದೇ ಬರ್ಬೆರಿನ್‌ನಲ್ಲೂ ಇದೆ. ಆದರೆ ಬೆಳಕಿಗೆ ಇದೂ ಮಾಸುತ್ತದೆ, ಗಿಡ ಬೆಳೆಯುವುದೂ ನಿಧಾನ, ಬೇರು ಕಾಂಡ ಕಡಿದು ತರಬೇಕು. ದಾಳಿಂಬೆ ಸಿಪ್ಪೆಯಾದರೆ ಹೇಗೂ ಎಸೆಯುವ ವಸ್ತು.

ಇಲ್ಲಿ ಒಂದು ಮಿತಿ ತಿಳಿದಿರಬೇಕು. ಬ್ಯಾಕ್ಟೀರಿಯಾಗಳಲ್ಲಿ ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್ ಎಂದು ಎರಡು ಗುಂಪು. ಕೀವು ತರಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಮೊದಲನೆಯ ಗುಂಪಿನದು. ಇ ಕೋಲಿ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಎರಡನೆಯ ಗುಂಪಿನವು. ಎರಡನೆಯ ಗುಂಪಿಗೆ ಹೊರಗಡೆ ಇನ್ನೊಂದು ಪೊರೆ ಇರುತ್ತದೆ. ಆ ಪೊರೆ ದಾಟಿ ಒಳಗೆ ಹೋಗುವುದು ಗಿಡದ ಬಣ್ಣಗಳಿಗೆ ಕಷ್ಟ. ಆದ್ದರಿಂದ ಸಾಮಾನ್ಯವಾಗಿ ಸ್ಟ್ಯಾಫಿಲೊಕಾಕಸ್ ಮೇಲೆ ಫಲಿತಾಂಶ ಚೆನ್ನಾಗಿ ಬರುತ್ತದೆ, ಇ ಕೋಲಿ ಮೇಲೆ ಕಡಿಮೆ. ಯಾರಾದರೂ ಒಂದೇ ಬ್ಯಾಕ್ಟೀರಿಯಾ ಮೇಲಿನ ಫಲಿತಾಂಶ ತೋರಿಸಿ ಎಲ್ಲವನ್ನೂ ಕೊಲ್ಲುತ್ತದೆ ಅಂದರೆ ನಂಬಬೇಡಿ.

ಬಟ್ಟೆ ತಯಾರಿ

100 ಗ್ರಾಂ ಬಿಳಿ ಹತ್ತಿ ಬಟ್ಟೆಯಿಂದ ಶುರು ಮಾಡಿ. ಒಣಗಿದ ಬಟ್ಟೆಯನ್ನೇ ತೂಗಬೇಕು, ಮುಂದಿನ ಎಲ್ಲ ಲೆಕ್ಕವೂ ಆ ತೂಕದ ಮೇಲೆ ನಿಂತಿದೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಡ, ಪಾಲಿಯೆಸ್ಟರ್ ಎಳೆ ಈ ಬಣ್ಣಗಳನ್ನು ಹತ್ತಿರ ಸೇರಿಸುವುದಿಲ್ಲ.

ಕೋರಾ ಬಟ್ಟೆಯಲ್ಲಿ ನೇಯುವಾಗ ಹಾಕಿದ ಗಂಜಿ ಇರುತ್ತದೆ, ಹತ್ತಿಯದೇ ಮೇಣ ಇರುತ್ತದೆ. ಇವು ಹೋಗದಿದ್ದರೆ ಬಣ್ಣ ಮೇಲೆ ಮೇಲೆ ಕೂರುತ್ತದೆ, ಎರಡು ಒಗೆತಕ್ಕೆ ಎದ್ದು ಬರುತ್ತದೆ. ಮೊದಲು ಬಟ್ಟೆಯನ್ನು ಇಡೀ ರಾತ್ರಿ ನೀರಿನಲ್ಲಿ ನೆನೆಸಿ, ಹಿಂಡಿ. ಆಮೇಲೆ 3 ಲೀಟರ್ ನೀರಿಗೆ 3 ರಿಂದ 5 ಗ್ರಾಂ ವಾಷಿಂಗ್ ಸೋಡಾ, ಒಂದು ಗ್ರಾಂನಷ್ಟು ಬಣ್ಣ ವಾಸನೆ ಇಲ್ಲದ ದ್ರವ ಸೋಪು ಹಾಕಿ ಒಂದು ಗಂಟೆ ಕುದಿಸಿ. ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಜಾಸ್ತಿ ಕಂದಾಗಿದ್ದರೆ ಇನ್ನೊಂದು ಸಲ ಮಾಡಿ. ಕೈಗೆ ಗ್ಲೌಸ್ ಇರಲಿ.

ಸರಿಯಾಯಿತೋ ಇಲ್ಲವೋ ನೋಡುವುದು ಸುಲಭ. ತೊಳೆದು ಒಣಗಿಸಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಒಂದೆರಡು ಸೆಕೆಂಡಿನಲ್ಲಿ ಇಂಗಿಹೋದರೆ ಬಟ್ಟೆ ಸಿದ್ಧ. ಹನಿ ಮುತ್ತಿನ ಹಾಗೆ ನಿಂತರೆ ಮತ್ತೆ ಕುದಿಸಿ. ಬಟ್ಟೆಯ ನಾಲ್ಕೈದು ಕಡೆ ಹನಿ ಬಿಟ್ಟು ನೋಡಿ, ಒಂದೇ ಕಡೆ ನೋಡಿ ಬಿಡಬೇಡಿ. ಈ ಹಂತದಲ್ಲಿ ಅವಸರ ಮಾಡಿದವರೇ ಆಮೇಲೆ ಬಣ್ಣ ಕಚ್ಚಲಿಲ್ಲ ಎಂದು ಬಣ್ಣವನ್ನು ಬಯ್ಯುತ್ತಾರೆ.

ಪಾತ್ರೆ ಸ್ಟೇನ್‌ಲೆಸ್ ಸ್ಟೀಲ್‌ನದೇ ಆಗಲಿ. ಕಬ್ಬಿಣದ ಬಾಣಲೆ ಬೇಡವೇ ಬೇಡ, ಟ್ಯಾನಿನ್‌ಗೆ ಕಬ್ಬಿಣ ಸೋಕಿದರೆ ಶಾಯಿಯ ಹಾಗೆ ಕಪ್ಪಾಗುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೂ ಇದೇ ತೊಂದರೆ. ಮಳೆ ನೀರು ಅಥವಾ ಶುದ್ಧೀಕರಿಸಿದ ನೀರು ಒಳ್ಳೆಯದು. ಪ್ರತಿ ಸಲ ಒಂದೇ ನೀರು ಬಳಸಿ, ಇಲ್ಲದಿದ್ದರೆ ಒಂದು ತಂಡದ, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ, ಬಟ್ಟೆಗೂ ಇನ್ನೊಂದಕ್ಕೂ ಹೋಲಿಕೆ ಮಾಡಲು ಆಗುವುದಿಲ್ಲ.

ಒಗರಿನ ತಳ, ಪಟಿಕ, ಆಮೇಲೆ ಬಣ್ಣ

ಬೀಜ ತೆಗೆದ ಅಳಲೆಕಾಯಿಯ ಪುಡಿ 20 ಗ್ರಾಂ ತೆಗೆದುಕೊಳ್ಳಿ. ಒಂದು ಲೀಟರ್ ಬಿಸಿನೀರಿಗೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ, ಇನ್ನಷ್ಟು ನೀರು ಸೇರಿಸಿ ಒಟ್ಟು 3 ಲೀಟರ್ ಮಾಡಿ. ಒದ್ದೆ ಮಾಡಿದ ಬಟ್ಟೆಯನ್ನು ಅದರಲ್ಲಿ ಮುಳುಗಿಸಿ 50 ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಿ, ಆಗಾಗ ತಿರುಗಿಸಿ. ಒಲೆ ಆರಿಸಿದ ಮೇಲೂ ತಣ್ಣಗಾಗುವವರೆಗೆ ಅಲ್ಲೇ ಇರಲಿ. ಹಿಂಡಿ, ತೊಳೆಯದೆ, ನೆರಳಿನಲ್ಲಿ ಒಣಗಿಸಿ. ಬಟ್ಟೆ ಮಾಸಲು ಹಳದಿಯಾಗಿ ಕಾಣುತ್ತದೆ.

ಪುಡಿ ಮಾಡುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಈ ಧೂಳು ಗಂಟಲಿಗೆ ಹೋದರೆ ಬಹಳ ಹೊತ್ತು ಕಾಡುತ್ತದೆ.

ಮುಂದೆ ಮಾರ್ಡಂಟ್, ಅಂದರೆ ಬಣ್ಣವನ್ನು ಬಟ್ಟೆಗೆ ಕಚ್ಚಿಸುವ ಲೋಹದ ಉಪ್ಪು. 10 ಗ್ರಾಂ ಪಟಿಕವನ್ನು ಸ್ವಲ್ಪ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ 3 ಲೀಟರ್ ನೀರಿಗೆ ಸೇರಿಸಿ. 60 ಡಿಗ್ರಿಯಲ್ಲಿ ಒಂದು ಗಂಟೆ ಬಟ್ಟೆಯನ್ನು ಇಟ್ಟು, ಅದರಲ್ಲೇ ತಣಿಸಿ, ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ.

ಬಣ್ಣಗಾರರು ಸಾಮಾನ್ಯವಾಗಿ 15, 20 ಗ್ರಾಂ ಪಟಿಕ ಹಾಕುತ್ತಾರೆ, ಬಣ್ಣ ಗಾಢವಾಗಲಿ ಎಂದು. ನಾನು ಬೇಕೆಂದೇ ಕಡಿಮೆ ಹಾಕುತ್ತೇನೆ. ಇದು ಸ್ವಲ್ಪ ವಿವರಿಸಬೇಕಾದ ಮಾತು. ಬ್ಯಾಕ್ಟೀರಿಯಾದ ಪ್ರೋಟೀನಿಗೆ ಅಂಟಿಕೊಳ್ಳುವ ಟ್ಯಾನಿನ್‌ನ ಕೈಗಳೇ ಲೋಹವನ್ನೂ ಹಿಡಿದುಕೊಳ್ಳುತ್ತವೆ. ಎಲ್ಲ ಕೈಗಳೂ ಲೋಹ ಹಿಡಿದು ಕೂತರೆ ಬ್ಯಾಕ್ಟೀರಿಯಾ ಹಿಡಿಯಲು ಯಾವ ಕೈ ಉಳಿಯುತ್ತದೆ? ಹೀಗಾಗಿ ಮಾರ್ಡಂಟ್ ಹೆಚ್ಚಾದಷ್ಟೂ ಬಣ್ಣ ಗಟ್ಟಿಯಾದರೂ ಬ್ಯಾಕ್ಟೀರಿಯಾ ತಡೆಯುವ ಶಕ್ತಿ ಕಡಿಮೆಯಾಗಬಹುದು. ಬಣ್ಣ ನಿಲ್ಲಬೇಕು, ಕೆಲಸವೂ ಮಾಡಬೇಕು. ಈ ಎರಡರ ನಡುವಿನ ಅಳತೆಯನ್ನು ನಿಮ್ಮ ಬಟ್ಟೆಗೆ ನೀವೇ ಕಂಡುಕೊಳ್ಳಬೇಕು. 5, 10, 15 ಗ್ರಾಂ ಹಾಕಿ ಮೂರು ತುಂಡು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಇಲ್ಲಿ ಎರಡು ಕಾರಣಕ್ಕೆ ಬೇಡ. ಒಂದು, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದೇ ಟ್ಯಾನಿನ್‌ನ ಒಂದು ಆಯುಧ, ನಾವೇ ಅದಕ್ಕೆ ಕಬ್ಬಿಣ ತಿನ್ನಿಸಿ ಕೂರಿಸಿದರೆ ಹೇಗೆ? ಎರಡು, ಕಬ್ಬಿಣ ಹತ್ತಿಯ ಎಳೆಯನ್ನು ದಿನ ಕಳೆದಂತೆ ಜೀರ್ಣ ಮಾಡುತ್ತದೆ. ತಾಮ್ರದ ಉಪ್ಪಾದ ಮೈಲುತುತ್ತ ಹಾಕಿದರೆ ಪರೀಕ್ಷೆಯ ಫಲಿತಾಂಶ ಅದ್ಭುತವಾಗಿ ಬರುತ್ತದೆ, ಆದರೆ ಅದು ತಾಮ್ರದ ಕೆಲಸ, ಗಿಡದ್ದಲ್ಲ. ತಾಮ್ರ ತಾನೇ ಬ್ಯಾಕ್ಟೀರಿಯಾ ಕೊಲ್ಲುವ ಲೋಹ. ಉಳಿದ ನೀರು ಮೀನುಗಳಿಗೂ ವಿಷ. ಕ್ರೋಮ್ ಉಪ್ಪಂತೂ ಮುಟ್ಟಲೇಬೇಡಿ. ಪೊಟ್ಯಾಸಿಯಂ ಡೈಕ್ರೋಮೇಟ್ ಕ್ಯಾನ್ಸರ್ ತರಬಲ್ಲದು, ಚರ್ಮಕ್ಕೆ ಅಲರ್ಜಿ ಮಾಡುತ್ತದೆ. ರೋಗಿಯ ಮೈಗೆ ತಾಗುವ ಬಟ್ಟೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಈಗ ದಾಳಿಂಬೆ. ಒಣಗಿದ ಸಿಪ್ಪೆ 40 ಗ್ರಾಂ, ಚೂರು ಮಾಡಿ ಒಂದೂವರೆ ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೂಷ್ಟು ಹಿಡಿದ ಸಿಪ್ಪೆ ಒಂದೂ ಇರಬಾರದು. ಬೆಳಿಗ್ಗೆ ಒಂದು ಗಂಟೆ ಮಂದ ಉರಿಯಲ್ಲಿ ಕುದಿಯುವ ಅಂಚಿನಲ್ಲಿಡಿ, ನಂತರ ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಗಿಡದ ವಸ್ತುವಿನ ಮೇಲೆ ಅದರದ್ದೇ ಸೂಕ್ಷ್ಮಾಣುಗಳು ಇರುತ್ತವೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಕುದಿಸಿದರೆ ಬಹುತೇಕ ಸಾಯುತ್ತವೆ, ಆದರೆ ಬ್ಯಾಸಿಲಸ್ ಜಾತಿಯವುಗಳ ಬೀಜಕಗಳು ಕುದಿಯುವ ನೀರನ್ನೂ ತಾಳಿಕೊಳ್ಳುತ್ತವೆ. ಆದ್ದರಿಂದ ಸೋಸಿದ ಬಣ್ಣದ ನೀರನ್ನು ದಿನಗಟ್ಟಲೆ ಹೊರಗೆ ಇಡಬೇಡಿ, ಅದೇ ದಿನ ಬಳಸಿ.

ಎರಡು ಸಲ ಸೋಸಿ, 3 ಲೀಟರ್‌ಗೆ ತನ್ನಿ. ಒದ್ದೆ ಬಟ್ಟೆಯನ್ನು ಉಗುರುಬೆಚ್ಚಗಿರುವಾಗಲೇ ಹಾಕಿ, ಅರ್ಧ ಗಂಟೆಯಲ್ಲಿ ನಿಧಾನವಾಗಿ 75 ಡಿಗ್ರಿಗೆ ಏರಿಸಿ, ಅಲ್ಲೇ ಒಂದು ಗಂಟೆ ಹಿಡಿದಿಡಿ. ಬಟ್ಟೆ ಗುಡ್ಡೆಯಾಗಿ ಒಂದೇ ಕಡೆ ಬಿದ್ದಿರಬಾರದು, ಕೈಯಾಡಿಸುತ್ತಾ ಇರಬೇಕು. ಕ್ಷಾರದ ಏನನ್ನೂ ಸೇರಿಸಬೇಡಿ, ಕ್ಷಾರದಲ್ಲಿ ಟ್ಯಾನಿನ್ ಗಾಳಿಯೊಂದಿಗೆ ಸೇರಿ ಕಂದಾಗಿ ಕೆಡುತ್ತದೆ. ತಣಿದ ಮೇಲೆ ತೆಗೆದು ನೆರಳಿನಲ್ಲಿ ಒಣಗಿಸಿ, ಎರಡು ಮೂರು ದಿನ ಹಾಗೇ ಬಿಡಿ.

ಕೊನೆಯ ತೊಳೆತ ಸುಮ್ನೆ ಮಾಡಿ ಮುಗಿಸುವ ಕೆಲಸ ಅಲ್ಲ. ಕಚ್ಚಿಕೊಳ್ಳದ ಬಣ್ಣ ಪೂರ್ತಿ ಹೋಗಬೇಕು. ತಣ್ಣೀರಿನಲ್ಲಿ ನೀರು ತಿಳಿಯಾಗುವವರೆಗೆ ಜಾಲಿಸಿ, ಆಮೇಲೆ 50 ಡಿಗ್ರಿ ನೀರಿನಲ್ಲಿ ದ್ರವ ಸೋಪು ಹಾಕಿ ಹದಿನೈದು ನಿಮಿಷ, ಮತ್ತೆ ಜಾಲಿಸಿ. ಒಂದು ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಇದರ ಮೇಲೆ ಗಟ್ಟಿಯಾಗಿ ಉಜ್ಜಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ತಾಗಿದರೆ ರೋಗಿಯ ಬೆವರಿಗೂ ತಾಗುತ್ತದೆ. ಇನ್ನೂ ತೊಳೆಯಿರಿ. ಸಡಿಲ ಬಣ್ಣ ಉಳಿದಿರುವ ಬಟ್ಟೆ ಪ್ರಯೋಗಾಲಯದಲ್ಲಿ ಬಹಳ ಒಳ್ಳೆಯ ಅಂಕ ಪಡೆಯುತ್ತದೆ, ಮೊದಲ ಒಗೆತಕ್ಕೇ ಅದೆಲ್ಲ ಚರಂಡಿ ಸೇರುತ್ತದೆ.

ಪಟಿಕದ ಬದಲು ಕೈಟೋಸಾನ್

ಲೋಹವೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ, ನನಗೆ ಈಗೀಗ ಇದೇ ಹೆಚ್ಚು ಇಷ್ಟ. ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಎಂಬ ಪುಡಿ ಸಿಗುತ್ತದೆ. ಆಮ್ಲದಲ್ಲಿ ಕರಗಿದಾಗ ಅದರಲ್ಲಿ ಧನ ವಿದ್ಯುದಂಶ ಇರುತ್ತದೆ. ಟ್ಯಾನಿನ್ ಮತ್ತು ಹತ್ತಿ ಎರಡೂ ಸ್ವಲ್ಪ ಋಣದ ಕಡೆ ಇರುವುದರಿಂದ ಕೈಟೋಸಾನ್ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಹೊರಮೈಯೂ ಋಣವೇ, ಹಾಗಾಗಿ ಕೈಟೋಸಾನ್ ತಾನೂ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ.

ನೀರಿಗೆ ಹಾಕಿದರೆ ಇದು ಕರಗುವುದಿಲ್ಲ. 60 ಮಿಲಿ ಬಿಳಿ ವಿನೆಗರ್‌ಗೆ 240 ಮಿಲಿ ನೀರು ಸೇರಿಸಿ. ವಿನೆಗರ್ ಶೇ. 5ರದ್ದಾದರೆ ಆಮ್ಲ ಸುಮಾರು ಶೇ. 1 ಆಗುತ್ತದೆ. ಇದಕ್ಕೆ 3 ಗ್ರಾಂ ಕೈಟೋಸಾನ್ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕಲಕಿ. ಗಂಟೆಗಳು ಹಿಡಿಯುತ್ತದೆ, ರಾತ್ರಿ ಬಿಟ್ಟರೂ ಆದೀತು. ತೆಳು ಗಂಜಿಯಂಥ ದ್ರಾವಣ ಆದ ಮೇಲೆ ಸೋಸಿ, ಸಿದ್ಧವಾದ ಬಟ್ಟೆಯನ್ನು ಅದ್ದಿ, ಎಲ್ಲ ಕಡೆ ಸಮವಾಗಿ ಹಿಂಡಿ. 100 ಗ್ರಾಂ ಬಟ್ಟೆ ಹಿಂಡಿದ ಮೇಲೆ 180 ಗ್ರಾಂ ತೂಗಿದರೆ ಸರಿಯಾದ ಪ್ರಮಾಣ. ಒಣಗಿಸಿ, 130 ರಿಂದ 150 ಡಿಗ್ರಿ ಬಿಸಿಯಲ್ಲಿ ಮೂರು ನಿಮಿಷ ಹೀಟ್ ಪ್ರೆಸ್‌ನಲ್ಲಿ ಒತ್ತಿ. ಆಮೇಲೆ ಅಳಲೆ, ಪಟಿಕ ಏನೂ ಇಲ್ಲದೆ ನೇರವಾಗಿ ದಾಳಿಂಬೆ ನೀರಿಗೆ ಹಾಕಬಹುದು.

ಇದರ ಕೊರತೆಗಳನ್ನೂ ಹೇಳುತ್ತೇನೆ. ಬಟ್ಟೆ ಸ್ವಲ್ಪ ಬಿರುಸಾಗುತ್ತದೆ. ಕ್ಷಾರದ ಸೋಪಿನಲ್ಲಿ ಕೈಟೋಸಾನ್‌ನ ವಿದ್ಯುದಂಶ ಕುಂದುತ್ತದೆ. ಇನ್ನೊಂದು, ಇದರ ಮೂಲ ಸೀಗಡಿ ಏಡಿ ಆಗಿರುವುದರಿಂದ ಅವುಗಳ ಅಲರ್ಜಿ ಇರುವವರಿಗಾಗಿ ಬಟ್ಟೆಯಲ್ಲಿ ಕೈಟೋಸಾನ್ ಇದೆ ಅನ್ನುವುದನ್ನು ಬಟ್ಟೆ ಕೊಡುವಾಗ ತಿಳಿಸಲೇಬೇಕು. ಅಣಬೆ ಜಾತಿಯಿಂದ ತೆಗೆದ ಕೈಟೋಸಾನ್ ಕೂಡ ಇದೆ, ಸಿಕ್ಕರೆ ಅದನ್ನೇ ಬಳಸಿ.

ಪರೀಕ್ಷೆ: ಮನೆಯಲ್ಲಿ ಅಲ್ಲ

ಬಟ್ಟೆ ವಾಸನೆ ಬರಲಿಲ್ಲ, ಬೂಷ್ಟು ಹಿಡಿಯಲಿಲ್ಲ ಅನ್ನುವುದು ಪರೀಕ್ಷೆ ಅಲ್ಲ. ಹಾಗಂತ ಮನೆಯಲ್ಲಿ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಸಾಹಸವೂ ಬೇಡ, ಏನು ಬೆಳೆಯುತ್ತಿದೆ ಎಂದು ನಿಮಗೆ ಗೊತ್ತಾಗುವುದಿಲ್ಲ. ಜವಳಿ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಕೊಡಿ. ಎರಡು ಬಗೆಯ ಪರೀಕ್ಷೆ ಇರುತ್ತದೆ.

ಅಮೆರಿಕದ ಜವಳಿ ರಸಾಯನಜ್ಞರ ಸಂಘದ (ಎಎಟಿಸಿಸಿ) ಪರೀಕ್ಷೆಗಳಲ್ಲಿ ಎಎಟಿಸಿಸಿ 147 ಅನ್ನುವುದು ಕಣ್ಣಿನಿಂದ ನೋಡುವಂಥದ್ದು. ಅಗರ್ ಎಂಬ ಜೆಲ್ಲಿ ತುಂಬಿದ ತಟ್ಟೆಯಲ್ಲಿ ಬ್ಯಾಕ್ಟೀರಿಯಾದ ಗೆರೆಗಳನ್ನು ಎಳೆದು ಮೇಲೆ ಬಟ್ಟೆ ಇಡುತ್ತಾರೆ. ಬಟ್ಟೆಯ ಸುತ್ತ ಖಾಲಿ ಜಾಗ ಕಂಡರೆ ಎಲ್ಲರೂ ಖುಷಿಪಡುತ್ತಾರೆ. ಸ್ವಲ್ಪ ನಿಲ್ಲಿ. ಸುತ್ತ ಖಾಲಿ ಆಗಿದೆ ಅಂದರೆ ಬಟ್ಟೆಯಿಂದ ಏನೋ ಹೊರಗೆ ಹರಿದಿದೆ ಎಂದು ಅರ್ಥ. ಹರಿದದ್ದು ಒಗೆಯುವಾಗಲೂ ಹರಿದುಹೋಗುತ್ತದೆ. ಸುತ್ತ ಬೆಳೆದಿದ್ದರೂ ಬಟ್ಟೆಯ ಅಡಿಯಲ್ಲಿ ಬೆಳೆಯದಿದ್ದರೆ, ಒಗೆದು ಬಳಸುವ ಬಟ್ಟೆಗೆ ಅದೇ ಹೆಚ್ಚು ಒಳ್ಳೆಯ ಸುದ್ದಿ.

ಎಎಟಿಸಿಸಿ 100 ಮತ್ತು ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಐಎಸ್‌ಒ 20743 ಎಣಿಕೆಯ ಪರೀಕ್ಷೆಗಳು. ಬಟ್ಟೆಯ ಮೇಲೆ ಗೊತ್ತಾದ ಸಂಖ್ಯೆಯ ಬ್ಯಾಕ್ಟೀರಿಯಾ ಹಾಕಿ, 18 ರಿಂದ 24 ಗಂಟೆ 37 ಡಿಗ್ರಿಯಲ್ಲಿ ಇಟ್ಟು, ಎಷ್ಟು ಉಳಿದವು ಎಂದು ಎಣಿಸುತ್ತಾರೆ. ನಿಮಗೆ ಬೇಕಾದ್ದು ಇದು. ಶೇ. 99 ಅಂದರೆ ದೊಡ್ಡದಾಗಿ ಕೇಳಿಸುತ್ತದೆ, ಆದರೆ 1,00,000ದಲ್ಲಿ 1,000 ಇನ್ನೂ ಬದುಕಿವೆ ಎಂದರ್ಥ. ಶೇ. 99.9 ಆದರೆ 100 ಉಳಿದಿವೆ. ಇದನ್ನೇ ಲಾಗ್ 2, ಲಾಗ್ 3 ಎಂದು ಬರೆಯುತ್ತಾರೆ. ಐಎಸ್‌ಒ ಲೆಕ್ಕದಲ್ಲಿ 2ರಿಂದ ಮೇಲೆ ಗಮನಾರ್ಹ, 3 ದಾಟಿದರೆ ಪ್ರಬಲ. ಜೊತೆಗೆ ಇದೂ ನೆನಪಿರಲಿ: ಈ ಪರೀಕ್ಷೆಯಲ್ಲಿ ಬಟ್ಟೆ ಒದ್ದೆಯಾಗಿ, ಬೆಚ್ಚಗೆ, ಒಂದು ದಿನ ಪೂರ್ತಿ ಇರುತ್ತದೆ. ವಾರ್ಡಿನ ಒಣ ಹಾಸು ಹಾಗಿರುವುದಿಲ್ಲ, ಅಲ್ಲಿ ಕೆಲಸ ಇಷ್ಟು ಚೆನ್ನಾಗಿ ನಡೆಯುತ್ತದೆ ಎಂದು ಲೆಕ್ಕ ಹಾಕಬೇಡಿ.

ಎಷ್ಟು ತುಂಡು ಕೊಡಬೇಕು? ಒಂದೇ ತುಂಡು ಕೊಟ್ಟರೆ ಹಣ ದಂಡ. ಬಣ್ಣ ಇಲ್ಲದ ತಯಾರಾದ ಬಟ್ಟೆ ಒಂದು, ಪಟಿಕ ಅಥವಾ ಕೈಟೋಸಾನ್ ಮಾತ್ರ ಹಾಕಿದ್ದು ಒಂದು, ಬಣ್ಣ ಹಾಕಿದ್ದು ಒಂದು, ಬಣ್ಣ ಹಾಕಿ 5 ಸಲ ಒಗೆದದ್ದು, 10 ಸಲ ಒಗೆದದ್ದು, ಸಾಧ್ಯವಾದರೆ 20 ಸಲ ಒಗೆದದ್ದು. ಎರಡನೆಯ ತುಂಡು ಇಲ್ಲದಿದ್ದರೆ ಕೆಲಸ ಮಾಡಿದ್ದು ಬಣ್ಣವೋ ಮಾರ್ಡಂಟೋ ಎಂದು ಎಂದಿಗೂ ಗೊತ್ತಾಗುವುದಿಲ್ಲ. ಒಗೆತವನ್ನು ಆ ಆಸ್ಪತ್ರೆಯ ಲಾಂಡ್ರಿಯ ಬಿಸಿ, ಅವರದೇ ಸೋಪಿನಲ್ಲಿ ಮಾಡಿ. ಬ್ರಿಟನ್ನಿನ ಆಸ್ಪತ್ರೆ ಲಾಂಡ್ರಿ ನಿಯಮದಲ್ಲಿ 65 ಡಿಗ್ರಿಯಲ್ಲಿ ಕನಿಷ್ಠ 10 ನಿಮಿಷ ಅಥವಾ 71 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಎಂದಿದೆ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವುದು 71 ಡಿಗ್ರಿಯಲ್ಲಿ ಕನಿಷ್ಠ 25 ನಿಮಿಷ. ನಿಮ್ಮ ಬಣ್ಣ 40 ಡಿಗ್ರಿಯ ಮೃದು ಒಗೆತದಲ್ಲಿ ಉಳಿಯಿತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಸ್ಟ್ಯಾಫಿಲೊಕಾಕಸ್ ಆರಿಯಸ್ ಜೊತೆಗೆ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆಯನ್ನೂ ಕೇಳಿ ಪಡೆಯಿರಿ. ಪರೀಕ್ಷೆಗೆ ಮುಂಚೆ ತುಂಡುಗಳನ್ನು ಆಟೋಕ್ಲೇವ್ ಮಾಡುತ್ತಾರಾ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧ ಮಾಡುತ್ತಾರಾ, ಎಂದೂ ಕೇಳಿ. 121 ಡಿಗ್ರಿಯ ಹಬೆಯಲ್ಲಿ 15 ನಿಮಿಷ ಕೂತ ಬಣ್ಣ ಮೊದಲಿನಂತೆ ಇರುವುದಿಲ್ಲ.

ಬ್ಯಾಕ್ಟೀರಿಯಾಕ್ಕೆ ಕಷ್ಟ ಕೊಡುವುದು ಮನುಷ್ಯನ ಜೀವಕೋಶಕ್ಕೂ ಕೊಡಬಹುದು. ಮೈಗೆ ತಾಗುವ ಬಟ್ಟೆಯಾದರೆ ಐಎಸ್‌ಒ 10993-5 ಪ್ರಕಾರ ಜೀವಕೋಶದ ಮೇಲಿನ ಪರೀಕ್ಷೆ ಬೇಕು. ಬಟ್ಟೆಯಿಂದ ಇಳಿದ ನೀರಿನಲ್ಲಿ ಜೀವಕೋಶಗಳ ಚಟುವಟಿಕೆ ಶೇ. 70ಕ್ಕಿಂತ ಕೆಳಗೆ ಇಳಿದರೆ ವಿಷ ಎಂದು ಲೆಕ್ಕ. ಅಲರ್ಜಿಗೆ 10993-10, ಉರಿಗೆ 10993-23. ಇಷ್ಟೆಲ್ಲ ಯಾಕೆ, ಗಿಡದ್ದೇ ಅಲ್ವಾ ಅನ್ನಬೇಡಿ. ಗಿಡದ್ದು ಎಂದು ಮಾರುವ ಪುಡಿಯಲ್ಲಿ ಬೇರೆ ಏನೇನೋ ಇರುತ್ತದೆ. ಅರಿಶಿನ ಪುಡಿಗೆ ಸೀಸದ ಕ್ರೋಮೇಟ್ ಬೆರೆಸಿದ್ದು ಸಿಕ್ಕಿಬಿದ್ದಿದೆ. ಕಪ್ಪು ಮದರಂಗಿ ಎಂದು ಮಾರುವುದರಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ, ಅದು ಚರ್ಮ ಬೊಬ್ಬೆ ಏಳಿಸಬಲ್ಲದು. ಪುಡಿ ಕೊಳ್ಳಬೇಡಿ, ಇಡಿಯಾದ ಕಾಯಿ, ಸಿಪ್ಪೆ, ಬೇರು ಕೊಂಡು ನೀವೇ ಪುಡಿ ಮಾಡಿ.

ಎಲ್ಲಿ ಬೇಡ

ಗಾಯದ ಮೇಲೆ ನೇರವಾಗಿ ಇಡುವ ಗಾಜ್ ಬಟ್ಟೆಗೆ, ಸುಟ್ಟ ಗಾಯಕ್ಕೆ, ಶಸ್ತ್ರಚಿಕಿತ್ಸೆಯ ಒಳಗೆ ಬಳಸುವ ಯಾವುದಕ್ಕೂ ಈ ವಿಧಾನ ಬೇಡ. ಅಲ್ಲಿ ಬೇಕಾದ್ದು ಕ್ರಿಮಿಶುದ್ಧ ಬಟ್ಟೆ. ಬ್ಯಾಕ್ಟೀರಿಯಾ ತಡೆಯುವ ಬಟ್ಟೆ ಅಂದರೆ ಕ್ರಿಮಿಶುದ್ಧ ಬಟ್ಟೆ ಅಂತಲ್ಲ, ಇದು ಎಷ್ಟೋ ಜನರಲ್ಲಿ ಕಲಸಿಹೋಗಿದೆ. ಜೊತೆಗೆ ಪಟ್ಟಿ ಬಿಳಿಯಾಗಿರಲು ಒಂದು ಕಾರಣ ಇದೆ. ಸೋರಿದ್ದು ರಕ್ತವೋ ಕೀವೋ, ಹಸಿರಾಗಿದೆಯೋ ಕಂದಾಗಿದೆಯೋ ಎಂದು ನರ್ಸ್ ಅದರ ಮೇಲೆ ನೋಡಿ ತಿಳಿಯುತ್ತಾರೆ. ಕಂದು ಬಟ್ಟೆ ಆ ಸುದ್ದಿಯನ್ನು ಮುಚ್ಚಿಹಾಕುತ್ತದೆ. ಹಸುಗೂಸುಗಳ ವಾರ್ಡಿಗೆ ಹಳದಿ ಬಟ್ಟೆ ಬೇಡ, ಹಳದಿಯ ನಡುವೆ ಮಗುವಿನ ಕಾಮಾಲೆ ಗುರುತಿಸುವುದು ಕಷ್ಟವಾಗುತ್ತದೆ.

ಪರದೆ, ದಿಂಬಿನ ಕವರ್, ಹೊದಿಕೆ, ಸಿಬ್ಬಂದಿಯ ಅಂಗಿ, ಟೋಪಿ, ಇವುಗಳಿಂದ ಶುರು ಮಾಡಿ. ಪರದೆಯೇ ಮೊದಲಾದರೆ ಇನ್ನೂ ಒಳ್ಳೆಯದು. ಅದನ್ನು ಒಗೆಯುವುದು ಅಪರೂಪ, ಹಾಗಾಗಿ ಬಣ್ಣ ಹೆಚ್ಚು ದಿನ ಉಳಿಯುತ್ತದೆ, ಎಲ್ಲರ ಕೈಯೂ ಅದಕ್ಕೆ ತಾಗುವುದರಿಂದ ತಡೆಯೂ ಅಲ್ಲೇ ಜಾಸ್ತಿ ಬೇಕು. ಕಿಟಕಿಯ ನೇರ ಬಿಸಿಲು ಬೀಳದ ಕಡೆಯದನ್ನು ಆರಿಸಿಕೊಳ್ಳಿ.

ಪ್ರತಿ ತಂಡದ ಬಟ್ಟೆಗೂ ಒಂದು ಚೀಟಿ ಇಡಿ. ಬಟ್ಟೆಯ ತೂಕ, ಸಿಪ್ಪೆ ಯಾವ ತಿಂಗಳದ್ದು, ನೀರು ಎಲ್ಲಿಯದು, ಪಟಿಕ ಎಷ್ಟು, ಬಿಸಿ ಎಷ್ಟು, ಎಷ್ಟು ಹೊತ್ತು, ಎಷ್ಟನೆಯ ಒಗೆತ. ಅದರ ಜೊತೆ ಅಂಗೈ ಅಗಲದ ತುಂಡೊಂದನ್ನು ಒಗೆಯದೆ, ಬೆಳಕು ತಾಗದ ಕಡೆ ಎತ್ತಿಡಿ. ಬಳಕೆಯಲ್ಲಿರುವ ಬಟ್ಟೆಯನ್ನು ತಿಂಗಳಿಗೊಮ್ಮೆ ಆ ತುಂಡಿನ ಪಕ್ಕ ಹಿಡಿದು ನೋಡಿ. ಬಣ್ಣ ಅರ್ಧಕ್ಕೆ ಇಳಿದಂತೆ ಕಂಡರೆ ಆ ಬಟ್ಟೆಯನ್ನು ಮತ್ತೆ ಪರೀಕ್ಷೆಗೆ ಕಳಿಸಿ, ಇಲ್ಲವೇ ಹೊಸದಾಗಿ ಒಗರು ಕೊಟ್ಟು ಬಣ್ಣಕ್ಕೆ ಹಾಕಿ.